ಹದಿನಾಲ್ಕು ವೋಲ್ಟ್ ಕಾಯುವ ಕೆಲಸ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯಿಂದ ಸೇಡಂ ಕಡೆಗೆ ಹೊರಟ ಸಣ್ಣ ಕಾರೊಂದು ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದೆ. ಹೊರಗೆ ಬಿಸಿಲು 42 ಡಿಗ್ರಿ ದಾಟಿದೆ. ಎಸಿ ಪೂರ್ತಿ ತಿರುಗಿಸಿದೆ, ಬ್ಲೋವರ್ ಕೊನೆಯ ಪಾಯಿಂಟಿನಲ್ಲಿದೆ, ರೇಡಿಯೇಟರ್ ಫ್ಯಾನು ಬಿಡುವಿಲ್ಲದೆ ಓಡುತ್ತಿದೆ, ಎರಡು ಫೋನು ಚಾರ್ಜಿಗೆ ಹಾಕಿದೆ. ಎಂಜಿನ್ ಮಾತ್ರ ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ಸಣ್ಣಗೆ ಗುರುಗುಡುತ್ತಿದೆ. ಕಾರಿನ ಆಲ್ಟರ್ನೇಟರಿಗೆ ಇದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಓಡುವಾಗ ಅದು ಆರಾಮಾಗಿರುತ್ತದೆ. ಅದರ ಪರೀಕ್ಷೆ ನಡೆಯುವುದು ಗಾಡಿ ನಿಂತಾಗ.

ಇದು ಗೊತ್ತಿಲ್ಲದೆ ನಮ್ಮ ಕಡೆ ಬೇಸಿಗೆ ಬಂತೆಂದರೆ ಇನ್ನೂ ಬಾಳುವ ಬ್ಯಾಟರಿಗಳೂ ಗುಜರಿಗೆ ಹೋಗುತ್ತವೆ. ಬೆಳಿಗ್ಗೆ ಸೆಲ್ಫ್ ಎಳೆಯಲಿಲ್ಲ ಅಂದರೆ "ಬ್ಯಾಟ್ರಿ ಹೋಗ್ಯಾದ್ರಿ, ಹೊಸದು ಹಾಕ್ರಿ" ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಹೊಸದು ಹಾಕಿದ ಮೇಲೆ ಕೆಲವು ತಿಂಗಳು ಚೆನ್ನಾಗಿ ನಡೆದು ಮತ್ತೆ ಅದೇ ಕತೆ. ಬ್ಯಾಟರಿಯ ಮೇಲೆ ತಪ್ಪು ಹೊರಿಸುವ ಮೊದಲು, ಅದನ್ನು ಚಾರ್ಜ್ ಮಾಡುವ ಯಂತ್ರ ತನ್ನ ವೋಲ್ಟೇಜನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ಯಾವಾಗ ಅದರ ಕೈ ಮೀರುತ್ತದೆ ಎಂಬುದನ್ನು ನೋಡಬೇಕು.

ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು. ಆ ಒಂದೆರಡು ಸೆಕೆಂಡಿನಲ್ಲಿ ಅದು ನೂರಕ್ಕೂ ಹೆಚ್ಚು ಆಂಪಿಯರ್ ಕೊಟ್ಟುಬಿಡುತ್ತದೆ. ಎಂಜಿನ್ ಚಾಲೂ ಆದ ಮೇಲೆ ದೀಪ, ಹಾರ್ನು, ವೈಪರು, ಪೆಟ್ರೋಲ್ ಪಂಪು, ಎಂಜಿನ್ನಿನ ಕಂಪ್ಯೂಟರು ಎಲ್ಲಕ್ಕೂ ಕರೆಂಟು ಬರಬೇಕಾದದ್ದು ಆಲ್ಟರ್ನೇಟರಿನಿಂದ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕಳೆದುಕೊಂಡದ್ದನ್ನು ತುಂಬಿಕೊಡುವುದೂ ಅದೇ. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಬೇಕಾದರೆ ಅದರ ಮೇಲೆ ಸುಮಾರು 14 ವೋಲ್ಟ್ ಒತ್ತಡ ಇರಬೇಕು. ಹದಿಮೂರಕ್ಕೆ ಇಳಿದರೆ ಚಾರ್ಜ್ ಆಗುವುದು ಬಹಳ ನಿಧಾನ. ಹದಿನೈದು ದಾಟಿದರೆ ಒಳಗಿನ ನೀರು ಒಡೆದು ಗ್ಯಾಸಾಗಿ ಹೋಗುತ್ತದೆ, ಪ್ಲೇಟುಗಳು ಹಾಳಾಗುತ್ತವೆ, ಬಲ್ಬುಗಳ ಆಯುಸ್ಸು ಕಡಿಮೆಯಾಗುತ್ತದೆ. ಹಾಗಾಗಿ ಎಂಜಿನ್ ನಿಧಾನ ತಿರುಗಲಿ ಜೋರಾಗಿ ತಿರುಗಲಿ, ಲೋಡ್ ಇರಲಿ ಇಲ್ಲದಿರಲಿ, ಹದಿನಾಲ್ಕರ ಆಸುಪಾಸಿನಲ್ಲೇ ನಿಲ್ಲಬೇಕು.

ಯಂತ್ರವನ್ನು ಬಿಚ್ಚಿ ನೋಡಿದರೆ ಮಧ್ಯದಲ್ಲಿ ತಿರುಗುವ ರೋಟರ್ ಇದೆ. ಅದರ ಹೊಟ್ಟೆಯಲ್ಲಿ ತಾಮ್ರದ ತಂತಿಯ ಒಂದು ಸುರುಳಿ. ಅದರ ಮೇಲೆ ಎರಡು ಕಡೆಯಿಂದ ಪಂಜದ ಉಗುರುಗಳ ಹಾಗೆ ಬಾಗಿ ಒಂದರ ನಡುವೆ ಒಂದು ಕೂತ ಕಬ್ಬಿಣದ ತುಂಡುಗಳು, ಸಾಮಾನ್ಯವಾಗಿ ಆರಾರು. ಸುರುಳಿಗೆ ಕರೆಂಟು ಕೊಟ್ಟರೆ ಈ ಉಗುರುಗಳು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಹನ್ನೆರಡು ಧ್ರುವಗಳ ಅಯಸ್ಕಾಂತವಾಗುತ್ತವೆ. ತಿರುಗುತ್ತಿರುವ ಸುರುಳಿಗೆ ಕರೆಂಟು ಮುಟ್ಟಿಸಲು ಹಿಂಭಾಗದಲ್ಲಿ ತಾಮ್ರದ ಎರಡು ಉಂಗುರಗಳು, ಅವುಗಳ ಮೇಲೆ ಸ್ಪ್ರಿಂಗಿನಿಂದ ಒತ್ತಿಕೊಂಡು ಕೂತ ಎರಡು ಕಾರ್ಬನ್ ಬ್ರಷ್ಷುಗಳು. ರೋಟರಿನ ಸುತ್ತಲೂ ಅಲ್ಲಾಡದೆ ನಿಂತ ಸ್ಟೇಟರ್. ಅದರಲ್ಲಿ ಮೂರು ಫೇಸಿನ ಕಾಯಿಲುಗಳು. ಅಯಸ್ಕಾಂತ ಅವುಗಳ ಎದುರು ಹಾದುಹೋದಂತೆಲ್ಲ ಎಸಿ ಕರೆಂಟು ಹುಟ್ಟುತ್ತದೆ, ಡಯೋಡ್ ಪ್ಲೇಟಿನ ಆರು ಡಯೋಡುಗಳು ಅದನ್ನು ಡಿಸಿ ಮಾಡಿ ಹೊರಗೆ ಕಳಿಸುತ್ತವೆ.

ಹುಟ್ಟುವ ವೋಲ್ಟೇಜು ಎರಡು ಸಂಗತಿಗಳ ಮೇಲೆ ನಿಂತಿದೆ: ಅಯಸ್ಕಾಂತದ ಬಲ ಎಷ್ಟು, ಅದು ಎಷ್ಟು ಜೋರಾಗಿ ತಿರುಗುತ್ತಿದೆ. ಬೆಲ್ಟಿನ ಪುಲ್ಲಿಗಳ ಅಳತೆಯಿಂದಾಗಿ ಎಂಜಿನ್ ಒಂದು ಸುತ್ತು ತಿರುಗಿದರೆ ಆಲ್ಟರ್ನೇಟರ್ ಎರಡೂವರೆ ಸುತ್ತು ತಿರುಗುತ್ತದೆ ಅನ್ನಿ. ಎಂಜಿನ್ 800ರಲ್ಲಿದ್ದಾಗ ಇದು 2,000 ಸುತ್ತು. ಎಂಜಿನ್ 4,000ಕ್ಕೆ ಹೋದರೆ ಇದು 10,000. ಐದು ಪಟ್ಟು ವ್ಯತ್ಯಾಸ. ಅಯಸ್ಕಾಂತದ ಬಲವನ್ನು ಬದಲಿಸದೆ ಹಾಗೇ ಬಿಟ್ಟರೆ, ಲೋಡ್ ಇಲ್ಲದ ಹೊತ್ತಿನಲ್ಲಿ ಅಷ್ಟು ವೇಗಕ್ಕೆ ವೋಲ್ಟೇಜು ನೂರರ ಹತ್ತಿರಕ್ಕೆ ಏರಬಲ್ಲದು. ವೇಗ ಡ್ರೈವರನ ಕಾಲಿನಲ್ಲಿದೆ, ಲೋಡ್ ಅವನ ಕೈಯಲ್ಲಿದೆ. ಯಂತ್ರದ ಕೈಯಲ್ಲಿ ಉಳಿದದ್ದು ಅಯಸ್ಕಾಂತದ ಬಲ ಒಂದೇ.

ವೋಲ್ಟೇಜು ಕಾಯುವ ರೆಗ್ಯುಲೇಟರ್ ಹಿಡಿಯುವುದು ಅದನ್ನೇ. ಹೊರಗೆ ಹೋಗುವ 50-60 ಆಂಪಿಯರ್ ಭಾರಿ ಕರೆಂಟಿನ ತಂಟೆಗೆ ಅದು ಹೋಗುವುದಿಲ್ಲ. ಒಳಗಿನ ಸುರುಳಿಗೆ ಹೋಗುವ ನಾಲ್ಕೈದು ಆಂಪಿಯರ್‌ನ ಸಣ್ಣ ಕರೆಂಟನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತದೆ. ಜೋಳದ ರೊಟ್ಟಿ ಬೇಯಿಸುವಾಕೆ ಹಂಚನ್ನು ಮುಟ್ಟದೆ ಒಲೆಯ ಕಟ್ಟಿಗೆಯನ್ನು ಒಳಗೆ ದೂಡಿ, ಹೊರಗೆ ಎಳೆದು ಕಾವು ಕಾಯುವ ಹಾಗೆ. ಕಟ್ಟಿಗೆ ಎಳೆದ ಮೇಲೂ ಹಂಚು ಸ್ವಲ್ಪ ಹೊತ್ತು ಕಾದೇ ಇರುತ್ತದಲ್ಲ, ಆ ತಡವೂ ಇಲ್ಲಿದೆ. ಅದರ ಮಾತು ಮುಂದೆ ಬರುತ್ತದೆ.

ಒಳಗೆ ನಡೆಯುವುದು ಇಷ್ಟು. ರೆಗ್ಯುಲೇಟರಿನಲ್ಲಿ ಹೊಂದಿಸಿಟ್ಟ ಒಂದು ಅಳತೆ ಇರುತ್ತದೆ, 25 ಡಿಗ್ರಿ ಶಾಖದಲ್ಲಿ ಸುಮಾರು 14.2ರಿಂದ 14.4 ವೋಲ್ಟ್. ಹೊರಗಿನ ವೋಲ್ಟೇಜನ್ನು ಅದು ಈ ಅಳತೆಯ ಜೊತೆ ಎಡೆಬಿಡದೆ ಹೋಲಿಸುತ್ತಿರುತ್ತದೆ. ಕಡಿಮೆ ಕಂಡರೆ ಟ್ರಾನ್ಸಿಸ್ಟರ್ ಒಂದನ್ನು ತೆರೆದು ಸುರುಳಿಗೆ ಕರೆಂಟು ಬಿಡುತ್ತದೆ, ಹೆಚ್ಚು ಕಂಡರೆ ಮುಚ್ಚುತ್ತದೆ. ಸೆಕೆಂಡಿಗೆ ಹತ್ತಾರು ಸಲ, ಕೆಲವದರಲ್ಲಿ ನೂರಾರು ಸಲ ಈ ತೆರೆ-ಮುಚ್ಚು ನಡೆಯುತ್ತದೆ. ಖಾಲಿ ಹೆದ್ದಾರಿಯಲ್ಲಿ ಹಗಲು ಹೊತ್ತು ಓಡುವಾಗ ಒಟ್ಟು ಸಮಯದ ಐದನೇ ಒಂದು ಪಾಲೂ ತೆರೆದಿರಬೇಕಾಗಿಲ್ಲ. ಲಾರಿಗಳ ಸಾಲಿನಲ್ಲಿ ನಿಂತ ನಮ್ಮ ಕಾರಿನಲ್ಲಿ ಅದು ಮುಚ್ಚುವುದೇ ಇಲ್ಲ, ಪೂರ್ತಿ ತೆರೆದೇ ಇರುತ್ತದೆ.

ಈಗ ಹೆಡ್‌ಲೈಟ್ ಹಾಕಿ. ಹ್ಯಾಲೊಜೆನ್ ಬಲ್ಬುಗಳಾದರೆ ಎರಡಕ್ಕೂ ಸೇರಿ ಎಂಟೊಂಬತ್ತು ಆಂಪಿಯರ್ ಒಮ್ಮೆಲೇ ಹೆಚ್ಚಾಯಿತು. ಸ್ಟೇಟರಿನ ಕಾಯಿಲುಗಳಲ್ಲಿ ಹೆಚ್ಚು ಕರೆಂಟು ಹರಿದಷ್ಟೂ ಒಳಗೇ ಹೆಚ್ಚು ವೋಲ್ಟೇಜು ಕರಗುತ್ತದೆ, ಜೊತೆಗೆ ಆ ಕರೆಂಟು ಹುಟ್ಟಿಸುವ ಕಾಂತಕ್ಷೇತ್ರ ರೋಟರಿನ ಕ್ಷೇತ್ರಕ್ಕೆ ಎದುರಾಗಿ ನಿಂತು ಅದನ್ನು ಕುಗ್ಗಿಸುತ್ತದೆ. ವೋಲ್ಟೇಜು ಇಳಿಯುತ್ತದೆ. ರೆಗ್ಯುಲೇಟರ್ ಅದನ್ನು ಕೂಡಲೇ ಕಾಣುತ್ತದೆ, ಟ್ರಾನ್ಸಿಸ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆದರೆ ಸುರುಳಿಯಲ್ಲಿ ಕರೆಂಟು ಏರಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಹೊತ್ತು ಬೇಕು. ಆ ಸಂದಿನಲ್ಲಿ ಕೊರತೆಯನ್ನು ಬ್ಯಾಟರಿ ತುಂಬುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಸಣ್ಣಗಾಗಿ ಮತ್ತೆ ಮೊದಲಿನಂತಾಗುವುದು ಇದೇ ಹೊತ್ತಿನಲ್ಲಿ. ಅದು ದೋಷವಲ್ಲ, ರೆಗ್ಯುಲೇಟರ್ ಕೆಲಸ ಮಾಡುತ್ತಿರುವುದರ ಗುರುತು.

ಎಂಜಿನ್ನಿಗೂ ಇದು ತಟ್ಟುತ್ತದೆ. ಅಯಸ್ಕಾಂತದ ಬಲ ಹೆಚ್ಚಾದರೆ ರೋಟರನ್ನು ತಿರುಗಿಸುವುದು ಭಾರವಾಗುತ್ತದೆ. 14 ವೋಲ್ಟಿನಲ್ಲಿ 60 ಆಂಪಿಯರ್ ಎಂದರೆ 840 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ನೂರಕ್ಕೆ 55-60 ಎಂದು ಹಿಡಿದರೆ ಎಂಜಿನ್ನಿನಿಂದ ಒಂದೂವರೆ ಕಿಲೊವ್ಯಾಟ್, ಅಂದರೆ ಎರಡು ಅಶ್ವಶಕ್ತಿ ಬೇಕು. ನಿಂತಲ್ಲೇ ಸಣ್ಣಗೆ ಓಡುವ ಪುಟ್ಟ ಎಂಜಿನ್ನಿಗೆ ಇದು ಕಡಿಮೆ ಹೊರೆಯಲ್ಲ. ಬಹಳ ಲೋಡ್ ಒಮ್ಮೆಲೇ ಬಿದ್ದಾಗ ಎಂಜಿನ್ ಒಂದು ಕ್ಷಣ ಕುಗ್ಗಿದಂತಾಗುವುದೂ, ಸವೆದ ಬೆಲ್ಟ್ ಕಿರ್ರ್ ಎನ್ನುವುದೂ ಇದರಿಂದಲೇ. ಈಚಿನ ರೆಗ್ಯುಲೇಟರುಗಳು ಕಡಿಮೆ ವೇಗದಲ್ಲಿ ಲೋಡ್ ಬಿದ್ದರೆ ಸುರುಳಿಯ ಕರೆಂಟನ್ನು ಬೇಕೆಂದೇ ಕೆಲವು ಸೆಕೆಂಡುಗಳ ಮೇಲೆ ಹರಡಿ ಏರಿಸುತ್ತವೆ. ಎಂಜಿನ್ನಿನ ಕಂಪ್ಯೂಟರಿಗೆ ಪೆಟ್ರೋಲ್ ಹೆಚ್ಚಿಸಿಕೊಳ್ಳಲು ಆಗ ವೇಳೆ ಸಿಗುತ್ತದೆ. ಅಷ್ಟು ಹೊತ್ತೂ ಕೊರತೆಯ ಭಾರ ಬ್ಯಾಟರಿಯ ಮೇಲೆ.

ಆಲ್ಟರ್ನೇಟರಿಗೆ ಮುಂಚೆ ಕಾರುಗಳಲ್ಲಿದ್ದದ್ದು ಡೈನಮೊ. ಹಳೆಯ ಅಂಬಾಸಡರುಗಳಲ್ಲಿ ಅದೇ ಇತ್ತು, 22 ಆಂಪಿಯರ್ ಆಸುಪಾಸಿನದು. ಜೊತೆಗೆ ಬಾನೆಟ್ಟಿನ ಕೆಳಗೊಂದು ಕಟೌಟ್ ಡಬ್ಬಿ, ಅದರೊಳಗೆ ಟಿಕ್ಕೆಂದು ಕೂಡಿ ಬಿಡುವ ಪಾಯಿಂಟುಗಳು. ಡೈನಮೊ ನಿಧಾನವಾದಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ಡೈನಮೊವನ್ನೇ ಸುಡದಂತೆ ತಡೆಯುವುದು ಕಟೌಟಿನ ಕೆಲಸ. ಅದರ ಮೇಲೆ, ಶಕ್ತಿ ಮೀರಿ ಕರೆಂಟು ಹೋಗದಂತೆ ನೋಡುವ ಏರ್ಪಾಡು ಬೇರೆ. ಸಿಲಿಕಾನ್ ಡಯೋಡು ಅಗ್ಗವಾದ ಮೇಲೆ, 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಕಟೌಟಿನ ಕೆಲಸ ಡಯೋಡುಗಳ ಪಾಲಾಯಿತು, ಅವು ಹಿಂದಕ್ಕೆ ಹರಿಯಗೊಡುವುದೇ ಇಲ್ಲ. ಕರೆಂಟಿನ ಮಿತಿ ಹಾಕುವ ಏರ್ಪಾಡೂ ಬೇಡವಾಯಿತು. ಇದು ನನಗೆ ಈ ಯಂತ್ರದ ಅತಿ ಚೆಂದದ ಗುಣ ಅನ್ನಿಸುತ್ತದೆ. ವೇಗ ಹೆಚ್ಚಾದಂತೆ ಸ್ಟೇಟರಿನಲ್ಲಿ ಹುಟ್ಟುವ ವೋಲ್ಟೇಜೂ ಹೆಚ್ಚುತ್ತದೆ, ಆವೃತ್ತಿಯೂ ಹೆಚ್ಚುತ್ತದೆ. 2,000 ಸುತ್ತಿಗೆ 200 ಹರ್ಟ್ಜ್ ಇದ್ದದ್ದು 10,000 ಸುತ್ತಿಗೆ 1,000 ಹರ್ಟ್ಜ್. ಆವೃತ್ತಿ ಏರಿದಷ್ಟೂ ಕಾಯಿಲು ತನ್ನೊಳಗಿನ ಎಸಿಗೆ ಒಡ್ಡುವ ತಡೆಯೂ ಏರುತ್ತದೆ. ಎರಡೂ ಒಟ್ಟೊಟ್ಟಿಗೆ ಏರುವುದರಿಂದ 90 ಆಂಪಿಯರ್‌ನ ಆಲ್ಟರ್ನೇಟರನ್ನು ಎಷ್ಟೇ ಜೋರಾಗಿ ತಿರುಗಿಸಿ, ಎಷ್ಟೇ ಲೋಡ್ ಹಾಕಿ, ಅದು ತೊಂಬತ್ತರ ಹತ್ತಿರಕ್ಕೇ ನಿಂತುಬಿಡುತ್ತದೆ.

ಆದರೆ ಆ ತೊಂಬತ್ತು ಎಂಬುದು ಯಾವಾಗಿನ ಮಾತು? ಆಲ್ಟರ್ನೇಟರ್ 6,000 ಸುತ್ತು ತಿರುಗುತ್ತಿರುವಾಗಿನದು, ಅದೂ ತಂಪಾಗಿದ್ದಾಗ. ಗಾಡಿ ನಿಂತು ಎಂಜಿನ್ ಸಣ್ಣಗೆ ಓಡುವ ಐಡ್ಲಿಂಗಿನಲ್ಲಿ ಅದೇ ಯಂತ್ರ ಕೊಡುವುದು ಸುಮಾರು 35-45 ಆಂಪಿಯರ್. ಇದಕ್ಕೆ ನಮ್ಮ ಬೇಸಿಗೆಯನ್ನು ಸೇರಿಸಿ. ಬಾನೆಟ್ಟಿನ ಕೆಳಗೆ ಆಲ್ಟರ್ನೇಟರಿನ ಸುರುಳಿ ನೂರು ಡಿಗ್ರಿ ಮುಟ್ಟುವುದು ದೊಡ್ಡ ಸಂಗತಿಯಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಷ್ಟು ಹೆಚ್ಚುತ್ತದೆ. 25ರಿಂದ 100 ಡಿಗ್ರಿಗೆ ಹೋದರೆ ಸುಮಾರು ನೂರಕ್ಕೆ 29. ರೆಗ್ಯುಲೇಟರ್ ಪೂರ್ತಿ ತೆರೆದಿಟ್ಟರೂ ಸುರುಳಿಗೆ ಹೋಗುವ ಕರೆಂಟು ಅದಕ್ಕೆ ತಕ್ಕಂತೆ ಇಳಿದಿರುತ್ತದೆ, ಅಯಸ್ಕಾಂತವೂ ಸೊರಗಿರುತ್ತದೆ.

ಲಾರಿಗಳ ಹಿಂದೆ ನಿಂತ ಕಾರಿನ ಲೆಕ್ಕ ಹಾಕೋಣ. ಬ್ಲೋವರಿಗೆ 15 ಆಂಪಿಯರ್, ರೇಡಿಯೇಟರ್ ಫ್ಯಾನಿಗೆ 15, ಎಸಿ ಕಂಪ್ರೆಸರಿನ ಕ್ಲಚ್ಚಿಗೆ 4, ಪೆಟ್ರೋಲ್ ಪಂಪು ಇಂಜೆಕ್ಟರು ಇಗ್ನಿಷನ್ನು ಕಂಪ್ಯೂಟರು ಸೇರಿ 10, ಹಾಡು ಮತ್ತು ಫೋನಿಗೆ 4. ಒಟ್ಟು 48. ಯಂತ್ರ ಕೊಡುತ್ತಿರುವುದು ನಲವತ್ತರ ಒಳಗೆ. ಅದೇ ಸಾಲಿನಲ್ಲಿ ರಾತ್ರಿ ನಿಂತರೆ ಹೆಡ್‌ಲೈಟು, ಹಿಂದಿನ ದೀಪಗಳಿಗೆ ಇನ್ನೂ 12 ಸೇರಿ 60 ಆಗುತ್ತದೆ. ಎಸಿ ಹಾಕಿದಾಗ ಕಂಪ್ಯೂಟರು ಐಡ್ಲಿಂಗನ್ನು ಸ್ವಲ್ಪ ಏರಿಸುತ್ತದೆ ನಿಜ, ಆದರೂ 20 ಆಂಪಿಯರ್ ಕೊರತೆ ಬೀಳಬಹುದು. ರೆಗ್ಯುಲೇಟರಿಗೆ ಇನ್ನು ಮಾಡಲು ಏನೂ ಉಳಿದಿಲ್ಲ. ವೋಲ್ಟೇಜು ಹದಿನಾಲ್ಕರಿಂದ ಜಾರಿ 12.6ಕ್ಕಿಂತ ಕೆಳಗೆ ಬಂದಾಗ ಬ್ಯಾಟರಿ ಚಾರ್ಜ್ ಆಗುವುದನ್ನು ಬಿಟ್ಟು ತಾನೇ ಕೊಡತೊಡಗುತ್ತದೆ. ಎಂಜಿನ್ ಓಡುತ್ತಿದೆ, ಬ್ಯಾಟರಿ ಖಾಲಿಯಾಗುತ್ತಿದೆ. ಅರ್ಧ ಗಂಟೆಗೆ 10 ಆಂಪಿಯರ್-ಅವರ್ ಹೋಯಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35. ಚಾರ್ಜಿಂಗ್ ಲೈಟು ಮಾತ್ರ ಹತ್ತುವುದಿಲ್ಲ, ಏಕೆಂದರೆ ಆಲ್ಟರ್ನೇಟರ್ ಕೆಟ್ಟಿಲ್ಲ.

ಕಳೆದುಕೊಂಡದ್ದು ಅಷ್ಟೇ ಬೇಗ ತಿರುಗಿ ಬರುವುದಿಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಒಳಗೆ ತೆಗೆದುಕೊಳ್ಳುವ ಕರೆಂಟು ಇಳಿಯುತ್ತದೆ, ಆ ಹತ್ತು ಆಂಪಿಯರ್-ಅವರ್ ತುಂಬಲು ಒಂದೆರಡು ಗಂಟೆಯಾದರೂ ಓಡಿಸಬೇಕು. ಫ್ಯಾಕ್ಟರಿ ಕಾಲೊನಿಯಿಂದ ಗೇಟಿಗೆ, ಗೇಟಿನಿಂದ ಬಜಾರಿಗೆ ಎಂದು ಎರಡು ಮೂರು ಕಿಲೊಮೀಟರ್ ಓಡಿ ನಿಲ್ಲುವ ಕಾರಿಗೆ ಆ ಅವಕಾಶವೇ ಇಲ್ಲ. ಅರೆಬರೆ ಚಾರ್ಜಿನಲ್ಲೇ ತಿಂಗಳುಗಟ್ಟಲೆ ಇದ್ದರೆ ಪ್ಲೇಟುಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿ ನಿಜವಾಗಿಯೂ ಸಾಯುತ್ತದೆ. ನಿಂತಲ್ಲೇ ಎಂಜಿನ್ ಬಿಟ್ಟು ಹತ್ತು ನಿಮಿಷ ಕಾಯುವುದಕ್ಕಿಂತ ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ಬರುವುದು ಅದಕ್ಕೆ ಹೆಚ್ಚು ಒಳ್ಳೆಯದು. ಲಾರಿಗಳ ಸಾಲಿನಲ್ಲಿ ಸಿಕ್ಕಾಗ ಬ್ಲೋವರನ್ನು ಎರಡು ಪಾಯಿಂಟು ಇಳಿಸಿದರೂ ಬಹಳ ಉಳಿಯುತ್ತದೆ.

ನಮ್ಮ ಭಾಗದ ಕ್ರೂಸರ್ ಜೀಪುಗಳನ್ನು ನೋಡಿದರೆ ನನಗೆ ಅವುಗಳ ಆಲ್ಟರ್ನೇಟರಿನ ಚಿಂತೆ. ಮುಂದೆ ಎಲ್‌ಇಡಿ ಬಾರು, ಮೇಲೆ ಬಣ್ಣದ ದೀಪಗಳ ಸಾಲು, ಒಳಗೆ ಆಂಪ್ಲಿಫೈಯರು. ನಿಜವಾಗಿಯೂ 500 ವ್ಯಾಟ್ ಎಳೆಯುವ ಆಂಪ್ಲಿಫೈಯರ್ ಒಂದೇ 35 ಆಂಪಿಯರ್ ತಿನ್ನುತ್ತದೆ. ಕೊರತೆಗೆ ಔಷಧಿಯೆಂದು ದೊಡ್ಡ ಬ್ಯಾಟರಿ ಕೂರಿಸುತ್ತಾರೆ. ದೊಡ್ಡ ಬ್ಯಾಟರಿ ಹೆಚ್ಚು ಹೊತ್ತು ತಾಳುತ್ತದೆ ಅಷ್ಟೆ, ತಯಾರಾಗುವ ಕರೆಂಟು ಒಂದು ಆಂಪಿಯರೂ ಹೆಚ್ಚುವುದಿಲ್ಲ. ಲೋಡ್ ಬೇಕೇ ಬೇಕೆಂದರೆ ದೊಡ್ಡ ಆಲ್ಟರ್ನೇಟರ್ ಹಾಕಿಸಬೇಕು, ಅದರಿಂದ ಬ್ಯಾಟರಿಗೆ ಹೋಗುವ ಕೇಬಲ್ಲನ್ನೂ ಅದರ ಫ್ಯೂಸನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು.

ಬೇಸಿಗೆಯಲ್ಲಿ ಇನ್ನೊಂದು ಸಂಗತಿ ಗೊಂದಲ ಮಾಡುತ್ತದೆ. ಬಿಸಿಯಾದ ಬ್ಯಾಟರಿಗೆ ಕಡಿಮೆ ವೋಲ್ಟೇಜು ಸಾಕು. 14.4ನ್ನೇ ಕೊಟ್ಟರೆ ನೀರು ಬೇಗ ಆರುತ್ತದೆ. ಅದಕ್ಕೇ ರೆಗ್ಯುಲೇಟರನ್ನು ಬಿಸಿ ಏರಿದಂತೆ ತನ್ನ ಅಳತೆ ಇಳಿಸಿಕೊಳ್ಳುವ ಹಾಗೆ ಮಾಡಿರುತ್ತಾರೆ, ಹಲವು ಮಾದರಿಗಳಲ್ಲಿ ಡಿಗ್ರಿಗೆ 10 ಮಿಲಿವೋಲ್ಟಿನ ಲೆಕ್ಕ. ರೆಗ್ಯುಲೇಟರ್ ತಾನೇ 75 ಡಿಗ್ರಿಗೆ ಕಾದಿದ್ದರೆ ಅರ್ಧ ವೋಲ್ಟ್ ಇಳಿದು 13.7 ತೋರಿಸುತ್ತದೆ. ಚಿಂಚೋಳಿಯ ಕಾಡಿನ ಡಿಸೆಂಬರ್ ಚಳಿಯಲ್ಲಿ, ಮುಂಜಾನೆ ಆಗಷ್ಟೇ ಸ್ಟಾರ್ಟ್ ಮಾಡಿದ ಅದೇ ಕಾರು 14.5 ತೋರಿಸಬಹುದು. ಎರಡೂ ಸರಿಯೇ.

ರೆಗ್ಯುಲೇಟರ್ ವೋಲ್ಟೇಜನ್ನು ಎಲ್ಲಿ ಅಳೆಯುತ್ತದೆ ಎಂಬುದೂ ಮುಖ್ಯ. ಬಹಳಷ್ಟು ಕಾರುಗಳಲ್ಲಿ ಅದು ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿನಲ್ಲೇ ಅಳೆಯುತ್ತದೆ. ಅಲ್ಲಿಂದ ಬ್ಯಾಟರಿಗೆ ಹೋಗುವ ತಂತಿ ತುಕ್ಕು ಹಿಡಿದಿದ್ದರೆ, ಟರ್ಮಿನಲ್ ಮೇಲೆ ಬಿಳಿ-ನೀಲಿ ಪುಡಿ ಕೂತಿದ್ದರೆ, ಅರ್ಥ್ ಪಟ್ಟಿ ಸಡಿಲಾಗಿದ್ದರೆ ದಾರಿಯಲ್ಲೇ ಅರ್ಧ ವೋಲ್ಟ್ ಸೋರುತ್ತದೆ. ರೆಗ್ಯುಲೇಟರ್ ತನ್ನ ಕಡೆ 14.2 ನೋಡಿ ಸುಮ್ಮನಿರುತ್ತದೆ, ಬ್ಯಾಟರಿ ಕಡೆ 13.7 ಮುಟ್ಟುತ್ತದೆ. ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದು ಅಳೆಯುವ ಕಾರುಗಳಲ್ಲಿ ಇದರ ಉಲ್ಟಾ ತೊಂದರೆ. ಆ ಸಣ್ಣ ತಂತಿಯ ಜೋಡಣೆ ಕೆಟ್ಟರೆ ರೆಗ್ಯುಲೇಟರ್ ಇಲ್ಲದ ಕೊರತೆ ಕಂಡು ಅತಿಯಾಗಿ ಚಾರ್ಜ್ ಮಾಡುತ್ತದೆ.

ಧೂಳಿನ ಮಾತನ್ನು ಬಿಡುವ ಹಾಗಿಲ್ಲ. ಮಳಖೇಡ, ಸೇಡಂ, ವಾಡಿ ಎಂದರೆ ಸಿಮೆಂಟು. ಶಹಾಬಾದ ಎಂದರೆ ಕಲ್ಲಿನ ಖಣಿ. ಆಲ್ಟರ್ನೇಟರ್ ತನ್ನನ್ನು ತಂಪು ಮಾಡಿಕೊಳ್ಳಲು ಎರಡೂ ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಪುಡಿಯೂ ಒಳಗೆ ಹೋಗುತ್ತದೆ. ಒಣಗಿದ್ದಾಗ ಅದು ಕಾರ್ಬನ್ ಬ್ರಷ್ಷನ್ನೂ ಉಂಗುರವನ್ನೂ ಮರಳುಕಾಗದದ ಹಾಗೆ ತಿಕ್ಕುತ್ತದೆ. ನೀರು ತಾಗಿದರೆ ಬ್ರಷ್ ಕೂರುವ ಗೂಡಿನಲ್ಲಿ ಗಟ್ಟಿಯಾಗಿ ಅಂಟಿ, ಸ್ಪ್ರಿಂಗ್ ದೂಡಿದರೂ ಬ್ರಷ್ ಮುಂದಕ್ಕೆ ಸರಿಯದಂತೆ ಮಾಡುತ್ತದೆ. ಇಂಥ ಆಲ್ಟರ್ನೇಟರ್ ಬಿಚ್ಚಿದಾಗ ಉಂಗುರಗಳ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೆರೆ ಕಾಣುತ್ತದೆ, ಬ್ರಷ್ಷು ಸವೆದು 5 ಮಿಲಿಮೀಟರಿಗೂ ಕಡಿಮೆ ಉಳಿದಿರುತ್ತದೆ. ಆಗ ಸುರುಳಿಗೆ ಕರೆಂಟು ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಹೊಂಡ ಹಾರಿದಾಗ ಚಾರ್ಜಿಂಗ್ ಲೈಟು ಮಿಣುಕಿದರೆ ಮೊದಲ ಅನುಮಾನ ಬ್ರಷ್ಷಿನ ಮೇಲೆ. ಆಲ್ಟರ್ನೇಟರ್ ಪೂರ್ತಿ ಬದಲಿಸುವ ಖರ್ಚಿನ ಮುಂದೆ ಬ್ರಷ್ಷಿನ ಬೆಲೆ ಏನೂ ಅಲ್ಲ. ಕಾಗಿಣಾ ನದಿ ತುಂಬಿ ಮಳಖೇಡದ ಸೇತುವೆಯ ಮೇಲೆ ನೀರು ಬರುವ ದಿನಗಳಲ್ಲಿ ದಾಟುವ ಸಾಹಸ ಯಾವ ಕಾರಣಕ್ಕೂ ಬೇಡ. ರಸ್ತೆಯಲ್ಲಿ ನಿಂತ ನೀರಿನಲ್ಲಿ ಹಾದು ಬಂದ ಕಾರಿನಲ್ಲೂ ಕೆಳಗೆ ಕೂತ ಆಲ್ಟರ್ನೇಟರ್ ತೊಯ್ದಿರುತ್ತದೆ ಎಂಬುದು ನೆನಪಿರಲಿ. ಸರ್ವಿಸಿಂಗಿನಲ್ಲಿ ಅದರ ಮೇಲೆ ಜೋರು ನೀರು ಹೊಡೆಯಲು ಬಿಡಬೇಡಿ.

ಮಳೆಗಾಲದ ಲೋಡೂ ಸಣ್ಣದಲ್ಲ. ಆಷಾಢದಲ್ಲಿ ಮಾಧ್ವ ಯತಿ ಟೀಕಾರಾಯರ ಆರಾಧನೆಗೆ ಮಳಖೇಡಕ್ಕೆ ಬರುವ ಕಾರುಗಳಲ್ಲಿ ವೈಪರು, ಹೆಡ್‌ಲೈಟು, ಗಾಜಿನ ಮಂಜು ಬಿಡಿಸಲು ಎಸಿ, ಹಿಂದಿನ ಗಾಜಿನ ಹೀಟರು ಎಲ್ಲ ಒಟ್ಟಿಗೆ ನಡೆಯುತ್ತವೆ. ಹೀಟರ್ ಒಂದಕ್ಕೇ ಹತ್ತು-ಹದಿನೈದು ಆಂಪಿಯರ್ ಬೇಕು. ಗಾಜು ತಿಳಿಯಾದ ಕೂಡಲೇ ಅದನ್ನು ಆರಿಸಿಬಿಡುವುದು ಒಳ್ಳೆಯ ರೂಢಿ.

ವಾಡಿ ಜಂಕ್ಷನ್ನಿನಲ್ಲಿ ನಿಂತ ಹಳೆಯ ಮಾದರಿಯ ರೈಲುಬೋಗಿಯ ಕೆಳಗೆ ಬಗ್ಗಿ ನೋಡಿದರೆ ಇದೇ ಯಂತ್ರದ ದೊಡ್ಡಣ್ಣ ಕಾಣುತ್ತಾನೆ. ಚಕ್ರದ ಅಚ್ಚಿನಿಂದ ಬೆಲ್ಟುಗಳ ಮೂಲಕ ತಿರುಗುವ ಆಲ್ಟರ್ನೇಟರ್, ಎಸಿ ಇಲ್ಲದ ಬೋಗಿಗೆ 4.5 ಕಿಲೊವ್ಯಾಟಿನದು, ಎಸಿ ಬೋಗಿಗೆ 25 ಕಿಲೊವ್ಯಾಟಿನದು. ಹದಿನಾಲ್ಕರ ಬದಲು ಅಲ್ಲಿ 110 ವೋಲ್ಟಿನ ಏರ್ಪಾಡು. ಧೂಳು ಕೆಸರಿನಲ್ಲಿ ಬಾಳಬೇಕೆಂದು ಅದರಲ್ಲಿ ಬ್ರಷ್ಷುಗಳನ್ನೇ ಇಟ್ಟಿಲ್ಲ, ಕಾಯಿಲುಗಳೆಲ್ಲ ನಿಂತ ಭಾಗದಲ್ಲೇ ಇವೆ. ಹೊರಗೆ ಹೋಗುವ ಕರೆಂಟನ್ನು ಬಿಟ್ಟು ಕ್ಷೇತ್ರದ ಸುರುಳಿಯ ಕರೆಂಟನ್ನು ತಿದ್ದುವ ವಿದ್ಯೆ ಮಾತ್ರ ಅದೇ. ಕಾರಿಗೆ ಐಡ್ಲಿಂಗಾದರೂ ಇದೆ, ರೈಲು ನಿಂತರೆ ಅಚ್ಚು ತಿರುಗುವುದೇ ಇಲ್ಲ. ಆಗ ಫ್ಯಾನು, ದೀಪಗಳನ್ನೆಲ್ಲ ಬ್ಯಾಟರಿಯೇ ನಡೆಸಬೇಕು. ಈಚಿನ ಹಲವು ರೈಲುಗಳ ಬೋಗಿಗಳಿಗೆ ಎಂಜಿನ್ ಮೂಲಕ ಮೇಲಿನ ತಂತಿಯಿಂದಲೇ ಕರೆಂಟು ಬರುತ್ತದೆ.

ಇನ್ನು, ದಯವಿಟ್ಟು ಬಿಡಬೇಕಾದ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, "ಗಾಡಿ ನಿಂತಿಲ್ಲ ನೋಡ್ರಿ, ಡೈನಮೊ ಬರೋಬರಿ ಅದ" ಎನ್ನುವ ಪರೀಕ್ಷೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಹೀಗೆ ಕಿತ್ತರೆ ಅಲ್ಲಿಗೆ ಹೋಗುತ್ತಿದ್ದ ಕರೆಂಟಿಗೆ ಒಮ್ಮೆಲೇ ದಾರಿ ಇಲ್ಲದಾಗುತ್ತದೆ. ರೆಗ್ಯುಲೇಟರ್ ಆ ಕ್ಷಣವೇ ಟ್ರಾನ್ಸಿಸ್ಟರ್ ಮುಚ್ಚಿದರೂ ಸುರುಳಿಯೊಳಗಿನ ಕರೆಂಟು, ಕಾದ ಹಂಚಿನ ಹಾಗೆ, ಇಳಿಯಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹೊರಗಿನ ವೋಲ್ಟೇಜು ಚಿಮ್ಮುತ್ತದೆ. ತಡೆ ಇಲ್ಲದಿದ್ದರೆ 60-100 ವೋಲ್ಟಿಗೆ ಏರಿ, ಸೆಕೆಂಡಿನ ಕೆಲವು ಹತ್ತನೇ ಭಾಗಗಳಷ್ಟು ಹೊತ್ತು ಇರಬಲ್ಲದು. ಈಗಿನ ಆಲ್ಟರ್ನೇಟರುಗಳ ಡಯೋಡುಗಳು ಅದನ್ನು 35-40ರ ಆಸುಪಾಸಿಗೆ ಕತ್ತರಿಸುತ್ತವೆ. ಆದರೆ ಅದೂ ಹನ್ನೆರಡು ವೋಲ್ಟಿನ ಗಾಡಿಗೆ ಮೂರು ಪಟ್ಟು. ಕಟೌಟ್ ಕಾಲದ ಅಂಬಾಸಡರಿನಲ್ಲಿ ಹೋದರೆ ಒಂದೆರಡು ಬಲ್ಬು ಹೋಗುತ್ತಿದ್ದವು. ಇಂದಿನ ಕಾರಿನಲ್ಲಿ ಎಂಜಿನ್ ಕಂಪ್ಯೂಟರು, ಏರ್‌ಬ್ಯಾಗಿನ ಮಾಡ್ಯೂಲು, ಸ್ಟೀರಿಂಗಿನ ಮೋಟರು ಎಲ್ಲ ಅದೇ ತಂತಿಯ ಮೇಲಿವೆ. ಜಂಪ್ ಸ್ಟಾರ್ಟ್ ಮಾಡಿದ ಕೂಡಲೇ ಕೇಬಲ್ ಕೀಳುವುದರಲ್ಲೂ ಇದೇ ಅಪಾಯವಿದೆ. ಕೆಲವು ನಿಮಿಷ ಬಿಟ್ಟು, ಹೆಡ್‌ಲೈಟ್ ಅಥವಾ ಬ್ಲೋವರ್ ಹಾಕಿಟ್ಟು ಆಮೇಲೆ ಕೀಳಬೇಕು.

ಸರಿಯಾದ ಪರೀಕ್ಷೆಗೆ ಬೇಕಾದದ್ದು ಒಂದು ಮಲ್ಟಿಮೀಟರ್. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚಾರ್ಜಿಂಗ್ ಲೈಟು ಹತ್ತಬೇಕು. ಹಳೆಯ ಮಾದರಿಗಳಲ್ಲಿ ಸುರುಳಿಗೆ ಮೊದಲ ಕರೆಂಟು ಹೋಗುವುದೇ ಆ ಬಲ್ಬಿನ ಮೂಲಕ, ಬಲ್ಬು ಸುಟ್ಟಿದ್ದರೆ ಒಳ್ಳೆಯ ಆಲ್ಟರ್ನೇಟರೂ ಐಡ್ಲಿಂಗಿನಲ್ಲಿ ಎಚ್ಚರವಾಗುವುದಿಲ್ಲ. ಆಮೇಲೆ ಸ್ಟಾರ್ಟ್ ಮಾಡಿ, ಲೋಡ್ ಇಲ್ಲದೆ 13.7ರಿಂದ 14.5ರೊಳಗೆ ಇರಬೇಕು. ಈಗ ಹೆಡ್‌ಲೈಟು, ಎಸಿ, ಬ್ಲೋವರು, ಹಿಂದಿನ ಹೀಟರು ಎಲ್ಲ ಹಾಕಿ. ವೋಲ್ಟೇಜು ಹದಿಮೂರರ ಕೆಳಗೆ ಇಳಿಯಿತು ಅನ್ನಿ. ಎಂಜಿನ್ನನ್ನು 2,000ಕ್ಕೆ ರೇಸ್ ಮಾಡಿ. ಮತ್ತೆ 13.5 ದಾಟಿದರೆ ಯಂತ್ರ ಸರಿಯಾಗಿದೆ, ತೊಂದರೆ ಇದ್ದದ್ದು ಐಡ್ಲಿಂಗಿನ ಲೆಕ್ಕದಲ್ಲಿ. ರೇಸ್ ಮಾಡಿದರೂ ಏಳಲಿಲ್ಲ ಅಂದರೆ ಬೆಲ್ಟ್, ಬ್ರಷ್, ಡಯೋಡ್, ರೆಗ್ಯುಲೇಟರ್ ಈ ಕ್ರಮದಲ್ಲಿ ನೋಡಿಸಿ. ರೇಸ್ ಮಾಡಿದಂತೆ ವೋಲ್ಟೇಜು 15 ದಾಟಿ ಏರುತ್ತಲೇ ಹೋದರೆ ರೆಗ್ಯುಲೇಟರ್ ಹೋಗಿದೆ, ಆ ಕಾರನ್ನು ದೂರ ಓಡಿಸಬೇಡಿ.

ಒಂದು ಡಯೋಡು ಕೆಟ್ಟಿದ್ದರೆ ಡಿಸಿ ಅಳತೆ ಸರಿಯಾಗಿಯೇ ಕಾಣಬಹುದು. ಆಗ ಲೋಡ್ ಹಾಕಿಟ್ಟು ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿಯಬೇಕು, ಅರ್ಧ ವೋಲ್ಟ್ ಮೀರಿದರೆ ಡಯೋಡ್ ಪ್ಲೇಟ್ ಬಿಚ್ಚಿಸಿ. ಅಗ್ಗದ ಕೆಲವು ಮೀಟರುಗಳು ಎಸಿಯಲ್ಲಿಟ್ಟಾಗ ಶುದ್ಧ ಡಿಸಿಗೂ ಏನೋ ಒಂದು ಅಂಕಿ ತೋರಿಸುತ್ತವೆ. ಎಂಜಿನ್ ಆರಿಸಿ ನೋಡಿ, ಆಗಲೂ ಅಂಕಿ ಬಂದರೆ ಆ ಮೀಟರ್ ಈ ಕೆಲಸಕ್ಕೆ ಬಾರದು.

ಈ ಅಂಕಿಗಳೆಲ್ಲ ಹನ್ನೆರಡು ವೋಲ್ಟಿನ ಕಾರು, ಕ್ರೂಸರು, ಟ್ರ್ಯಾಕ್ಟರುಗಳಿಗೆ. ಸಿಮೆಂಟ್ ಲಾರಿ, ಸಾರಿಗೆ ಬಸ್ಸುಗಳಲ್ಲಿ 24 ವೋಲ್ಟ್ ಇರುವುದರಿಂದ ಎರಡರಿಂದ ಗುಣಿಸಿಕೊಳ್ಳಿ, 28ರ ಆಸುಪಾಸು ಬರಬೇಕು. ಈಚಿನ ಕೆಲವು ಕಾರುಗಳಿಗೆ ಮಾತ್ರ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಅವುಗಳಲ್ಲಿ ಎಷ್ಟು ವೋಲ್ಟ್ ಬೇಕೆಂದು ರೆಗ್ಯುಲೇಟರಿಗೆ ಹೇಳುವುದು ಎಂಜಿನ್ ಕಂಪ್ಯೂಟರ್. ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ ಅಂಟಿದ ಸಣ್ಣ ಸೆನ್ಸರು ಬ್ಯಾಟರಿ ಎಷ್ಟು ತುಂಬಿದೆ ಎಂದು ತಿಳಿಸುತ್ತಿರುತ್ತದೆ. ತುಂಬಿದ್ದರೆ ಪೆಟ್ರೋಲ್ ಉಳಿಸಲು ಕಂಪ್ಯೂಟರ್ ವೋಲ್ಟೇಜನ್ನು 12.8ರವರೆಗೂ ಇಳಿಸುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರು ನಿಧಾನವಾಗುವಾಗ 15ರ ಹತ್ತಿರಕ್ಕೆ ಏರಿಸಿ ಆ ಓಟದ ಶಕ್ತಿಯನ್ನೇ ಬ್ಯಾಟರಿಗೆ ತುಂಬುತ್ತದೆ. ಇಂಥ ಕಾರಿನಲ್ಲಿ ಮೀಟರು 12.8 ತೋರಿಸಿದ ಮಾತ್ರಕ್ಕೆ ಆಲ್ಟರ್ನೇಟರ್ ಬಿಚ್ಚಿಸಬೇಡಿ. ಹೆಡ್‌ಲೈಟ್ ಹಾಕಿ ಒಂದೆರಡು ನಿಮಿಷ ಕಾದು ಮತ್ತೆ ಅಳೆಯಿರಿ, ಬಹಳ ಕಾರುಗಳಲ್ಲಿ ವೋಲ್ಟೇಜು ತಾನಾಗಿ ಏರುತ್ತದೆ. ಬ್ಯಾಟರಿ ಬದಲಿಸಬೇಕಾಗಿ ಬಂದರೆ ಹಳೆಯದು ಯಾವ ಜಾತಿಯದಿತ್ತೋ ಅದೇ ಜಾತಿಯದನ್ನು ಹಾಕಿಸಿ. ಹೊಸದು ಬಂದಿದೆ ಎಂದು ಸ್ಕ್ಯಾನರ್ ಹಚ್ಚಿ ಕಂಪ್ಯೂಟರಿಗೆ ತಿಳಿಸಬೇಕಾದ ಮಾದರಿಗಳೂ ಇವೆ. ಅದನ್ನು ಮಾಡದಿದ್ದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಅದು ಹೊಸದನ್ನೂ ಚಾರ್ಜ್ ಮಾಡುತ್ತಿರುತ್ತದೆ.